ಹಳದಿ ಚೌಕಕ್ಕೆ ಗಾಡಿ ಇಳಿಸುವ ಮುನ್ನ: ಬ್ರಿಟನ್ನಿಗೆ ಹೊರಟಿರುವ ನಮ್ಮ ಭಾಗದವರಿಗೆ

ಬ್ರಿಟನ್ನಿನಲ್ಲಿರುವ ನಾನು ರಜೆಯ ಮೇಲೆ ಬೆಳಗಾವಿಗೆ ಬಂದಾಗಲೆಲ್ಲ ಟಿಳಕವಾಡಿಯ ನಮ್ಮ ಮನೆಗೆ ಬ್ರಿಟನ್ನಿಗೆ ಹೊರಟು ನಿಂತ ಹುಡುಗ ಹುಡುಗಿಯರು ಬರುತ್ತಾರೆ. ನರ್ಸಿಂಗ್ ಕೆಲಸ ಸಿಕ್ಕವರು, ಎಂಜಿನಿಯರುಗಳು, ಮುಂದಿನ ಓದಿಗೆ ಹೋಗುವವರು, ಬಾಗಲಕೋಟೆ ಮತ್ತು ವಿಜಯಪುರದ ಕಡೆಯ ಒಬ್ಬಿಬ್ಬರು. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಜೋಳದ ಹಿಟ್ಟು ಸಿಗುವ ಅಂಗಡಿ ಇವೆಲ್ಲವನ್ನೂ ಕೇಳುತ್ತಾರೆ. ಕೂಡುರಸ್ತೆಯ ಹಳದಿ ಚೌಕದ ವಿಷಯವನ್ನು ಇದುವರೆಗೆ ಯಾರೂ ಕೇಳಿಲ್ಲ. ಆದರೆ ಅಲ್ಲಿ ನೆಲೆಸಿದ ಮೇಲೆ ನಮ್ಮವರು ಗಾಬರಿಯಿಂದ ನನ್ನ ಬಳಿಗೆ ತಂದಿರುವ ದಂಡದ ಪತ್ರಗಳಲ್ಲಿ ಹೆಚ್ಚಿನವು ಈ ಚೌಕದವೇ ಆಗಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಕೂಡುರಸ್ತೆಯ ನಡುವೆ ಹಳದಿ ಗೆರೆಗಳನ್ನು ಬಲೆಯಂತೆ ಅಡ್ಡಾದಿಡ್ಡಿಯಾಗಿ ಬಳಿದಿರುವ ಜಾಗವನ್ನು ಅಲ್ಲಿ ಬಾಕ್ಸ್ ಜಂಕ್ಷನ್ ಎನ್ನುತ್ತಾರೆ. ಲಂಡನ್ನಿನಲ್ಲಿ ಪ್ರಯೋಗ ನಡೆಸಿದ ಬಳಿಕ 1967ರಲ್ಲಿ ಇದು ಬ್ರಿಟನ್ನಿನಲ್ಲಿ ಜಾರಿಗೆ ಬಂತು. ಅಗ್ನಿಶಾಮಕ ಠಾಣೆ, ಆಂಬುಲೆನ್ಸ್ ಠಾಣೆಗಳ ಮುಂದೆಯೂ ಇದನ್ನು ಕಾಣಬಹುದು. ಬ್ರಿಟನ್ನಿನ ರಸ್ತೆ ನಿಯಮಗಳ ಅಧಿಕೃತ ಕೈಪಿಡಿಯಾದ ಹೈವೇ ಕೋಡ್‌ನ 174ನೆಯ ನಿಯಮದ ಪ್ರಕಾರ, ನೀವು ಹೊರಬೀಳಬೇಕಾದ ರಸ್ತೆಯೋ ಲೇನೋ ತೆರವಾಗುವವರೆಗೆ ಚೌಕದೊಳಗೆ ಪ್ರವೇಶಿಸಕೂಡದು. 2016ರ ಸಂಚಾರ ಚಿಹ್ನೆಗಳ ನಿಯಮಾವಳಿ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳುತ್ತದೆ: ಮುಂದೆ ನಿಂತಿರುವ ವಾಹನಗಳ ಕಾರಣದಿಂದ ಚೌಕದೊಳಗೆ ನಿಲ್ಲಬೇಕಾಗಿ ಬರುವಂತೆ ವಾಹನವನ್ನು ಅದರೊಳಗೆ ತರಬಾರದು. ತಪ್ಪಿನ ಬೀಜ ಇರುವುದು ಒಳಗೆ ಹೋಗುವ ಆ ನಿರ್ಧಾರದಲ್ಲಿ. ಹೋಗುವಾಗ ಮುಂದಿನ ಕಾರು ಚಲಿಸುತ್ತಿತ್ತು, ಆಮೇಲೆ ನಿಂತಿತು ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎಷ್ಟು ಹೊತ್ತು ನಿಂತರೆ ತಪ್ಪು ಎಂಬ ಮಿತಿಯನ್ನೂ ನಿಯಮ ಹೇಳಿಲ್ಲ. ಹಿಂದಿನ ಚಕ್ರವಷ್ಟೇ ಹಳದಿ ಗೆರೆಯ ಮೇಲೆ ಉಳಿದರೂ ನೋಟಿಸು ಬರಬಹುದು.

ನನ್ನ ಅಕ್ಕನ ಮಗ ಇದನ್ನು ಕೇಳಿ, "ಹಸಿರು ಬಿದ್ದ ಮ್ಯಾಲೂ ಹೋಗಬಾರದಂದ್ರ ಹೆಂಗ, ಮಾಮಾ?" ಎಂದ. ಅವನ ಪ್ರಶ್ನೆ ನ್ಯಾಯವಾದದ್ದೇ. ಚೆನ್ನಮ್ಮ ವೃತ್ತದಲ್ಲಿ ಅಥವಾ ಗೋವಾವೇಸ್‌ನಲ್ಲಿ ಗಾಡಿ ಕಲಿತವರಿಗೆ ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡೇ ಸಾಗುವುದು ರೂಢಿಯಾಗಿರುತ್ತದೆ. ಒಂದು ಗಾಡಿಯಷ್ಟು ಅಂತರ ಬಿಟ್ಟರೆ ಅಲ್ಲಿ ಇನ್ನೊಂದು ಬೈಕೋ ಆಟೊವೋ ನುಗ್ಗುತ್ತದೆಂಬುದು ನಮಗೆ ಅನುಭವದಿಂದಲೇ ಗೊತ್ತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ಕಡೆ ಎರಡೆರಡು ಟ್ರೇಲರ್ ಎಳೆಯುವ ಒಂದು ಟ್ರ್ಯಾಕ್ಟರ್ ಕ್ರಾಸಿನ ನಡುವೆ ಸಿಕ್ಕಿಕೊಂಡರೆ ನಾಲ್ಕೂ ದಿಕ್ಕಿನ ಗಾಡಿಗಳು ಹೇಗೆ ಕಟ್ಟಿಹೋಗುತ್ತವೆ ಎಂಬುದನ್ನು ಕಂಡವರಿಗೆ ಹಳದಿ ಚೌಕದ ಉದ್ದೇಶವನ್ನು ಬೇರೆ ವಿವರಿಸಬೇಕಾಗಿಲ್ಲ. ನಿಮ್ಮ ದಿಕ್ಕಿನ ಸಾಲು ನಿಂತಿದ್ದರೂ ಅಡ್ಡ ರಸ್ತೆಯವರಿಗೆ ದಾರಿ ಉಳಿಯಬೇಕು. ಹಸಿರು ದೀಪ ಕೂಡುರಸ್ತೆಗೆ ಇಳಿಯಲು ಅನುಮತಿ ಕೊಡುತ್ತದೆ, ಆಚೆ ಬದಿಯಲ್ಲಿ ಜಾಗವಿದೆಯೇ ಎಂಬುದನ್ನು ನೋಡಿಕೊಳ್ಳಬೇಕಾದವರು ನೀವು.

ನಾನು ಎಲ್ಲರಿಗೂ ಹೇಳಿಕೊಡುವ ಕ್ರಮ ಇದು. ಚೌಕದ ಅಂಚಿನಲ್ಲೇ ನಿಲ್ಲಿ. ಮುಂದಿನ ವಾಹನ ಚೌಕವನ್ನು ದಾಟಿ, ಚೌಕದ ಆಚೆಯ ಅಂಚಿಗೂ ಅದರ ಹಿಂಬದಿಗೂ ನಡುವೆ ನಿಮ್ಮ ಇಡೀ ಕಾರು ಹಿಡಿಯುವಷ್ಟು ಬರಿಯ ರಸ್ತೆ ನಿಮ್ಮ ಕಣ್ಣಿಗೆ ಕಂಡ ಮೇಲೆ ಮಾತ್ರ ಹೊರಡಿ. ಮುಂದೆ ಬಸ್ಸೋ ಲಾರಿಯೋ ಇದ್ದು ಆಚೆಯ ಅಂಚು ಕಾಣದಿದ್ದರೆ, ಕಾಣುವವರೆಗೆ ಕಾಯಿರಿ. ಪಕ್ಕದ ಲೇನಿನವರು ಆ ಜಾಗಕ್ಕೆ ಸರಿಯುವ ಸೂಚನೆ ಇದೆಯೇ ಎಂದೂ ಗಮನಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ಅವರ ಅವಸರಕ್ಕಾಗಿ ಬರುವ ದಂಡವನ್ನು ಕಟ್ಟುವವರು ನೀವೇ.

ಬಲಕ್ಕೆ ತಿರುಗುವವರಿಗೆ ಒಂದು ವಿನಾಯಿತಿ ಉಂಟು, ಮತ್ತು ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಎದುರಿನಿಂದ ಬರುವ ವಾಹನಗಳು ಅಥವಾ ನಿಮ್ಮಂತೆಯೇ ಬಲಕ್ಕೆ ತಿರುಗಲು ಕಾದು ನಿಂತ ವಾಹನಗಳು ಮಾತ್ರ ನಿಮ್ಮನ್ನು ತಡೆಯುತ್ತಿದ್ದರೆ ಚೌಕದೊಳಗೆ ಕಾಯಬಹುದು. ಆದರೆ ನೀವು ತಿರುಗಬೇಕಾದ ರಸ್ತೆಯೇ ತುಂಬಿ ನಿಂತಿದ್ದರೆ ಈ ವಿನಾಯಿತಿ ನಿಮಗೆ ದೊರೆಯುವುದಿಲ್ಲ. ಸಿಗ್ನಲ್ ಇರುವ ರೌಂಡ್‌ಅಬೌಟಿನಲ್ಲಂತೂ (ಸುತ್ತುಹಾಕಿ ಸಾಗುವ ವೃತ್ತ), ನಿಲ್ಲದೆ ಪೂರ್ತಿ ದಾಟಬಲ್ಲಿರಾದರೆ ಮಾತ್ರ ಚೌಕಕ್ಕೆ ಇಳಿಯಬೇಕು. ಇನ್ನು ಪಾದಚಾರಿ ಅಡ್ಡ ಬಂದನೆಂದು ನಿಲ್ಲಬೇಕಾಗಿ ಬಂದರೆ ಅದು ಈ ನಿಯಮದ ಉಲ್ಲಂಘನೆಯಲ್ಲ, ಏಕೆಂದರೆ ನಿಯಮ ಹೇಳುವುದು ನಿಂತ ವಾಹನಗಳ ವಿಷಯವನ್ನು.

ದಂಡದ ಮೊತ್ತ ಊರಿನ ಮೇಲೆ ಬದಲಾಗುತ್ತದೆ. ಲಂಡನ್ನಿನಲ್ಲಿ ನಗರದ ಸಾರಿಗೆ ನೋಡಿಕೊಳ್ಳುವ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯ ರಸ್ತೆಗಳಲ್ಲಿ 160 ಪೌಂಡ್. 14 ದಿನಗಳೊಳಗೆ ಕಟ್ಟಿದರೆ 80. ಇಂಗ್ಲೆಂಡಿನ ಉಳಿದ ಭಾಗದ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳು, 2022ರ ಮೇ 31ರಿಂದ ಕ್ಯಾಮೆರಾ ಮೂಲಕ ಈ ದಂಡ ವಿಧಿಸುವ ಅಧಿಕಾರವನ್ನು ಪಡೆಯಬಹುದಾಗಿದೆ. ಅಲ್ಲಿ 70 ಪೌಂಡ್. 21 ದಿನಗಳೊಳಗಾದರೆ 35. ಹೊಸದಾಗಿ ಕ್ಯಾಮೆರಾ ಹಾಕಿದ ಜಾಗದಲ್ಲಿ ಮೊದಲ ಆರು ತಿಂಗಳು ಮೊದಲ ತಪ್ಪಿಗೆ ಎಚ್ಚರಿಕೆಯ ಪತ್ರವಷ್ಟೇ ಬರುತ್ತದೆ. ಕೌನ್ಸಿಲ್ ಕಳುಹಿಸುವ ಈ ಪೆನಾಲ್ಟಿ ಚಾರ್ಜ್ ನೋಟಿಸಿನಿಂದ (ದಂಡದ ಪತ್ರ) ಲೈಸೆನ್ಸಿನ ಮೇಲೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬೀಳುವುದಿಲ್ಲ. ಭಾರತದ ಲೈಸೆನ್ಸಿನ ಮೇಲೆ ಮೊದಲ 12 ತಿಂಗಳು ಓಡಿಸುವವರಿಗೂ ನಿಯಮ ಇದೇ. ಬಾಡಿಗೆ ಕಾರಾಗಿದ್ದರೆ ಕಂಪನಿಯವರು ದಂಡದ ಜೊತೆ ತಮ್ಮ ಶುಲ್ಕವನ್ನೂ ಸೇರಿಸುವುದುಂಟು.

ನೋಟಿಸು ಹೋಗುವುದು ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಕೀಪರ್‌ಗೆ, ವಾಹನ ಮತ್ತು ಲೈಸೆನ್ಸಿನ ದಾಖಲೆ ಇಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯಲ್ಲಿರುವ ವಿಳಾಸಕ್ಕೆ. ನಾನು ಪೆಟ್ಟು ತಿಂದದ್ದು ಇಲ್ಲಿಯೇ. ಮನೆ ಬದಲಿಸಿದಾಗ ಲೈಸೆನ್ಸಿನ ವಿಳಾಸವನ್ನು ತಿದ್ದಿಸಿದೆ, ಆದರೆ ಕಾರಿನ ನೋಂದಣಿ ಪತ್ರವಾದ ವಿ5ಸಿ ಲಾಗ್‌ಬುಕ್‌ನ ವಿಳಾಸವನ್ನು ಬೇರೆಯಾಗಿ ತಿದ್ದಿಸಬೇಕೆಂಬುದನ್ನು ಮರೆತೆ. ಪತ್ರಗಳು ಹಳೆಯ ಮನೆಗೆ ಹೋಗಿ ಬಿದ್ದಿದ್ದವು. 28 ದಿನ ಕಳೆದ ಮೇಲೆ ದಂಡ ಹೆಚ್ಚಿಸುವ ಚಾರ್ಜ್ ಸರ್ಟಿಫಿಕೇಟ್ ಎಂಬ ಪತ್ರ ಹೊರಟಿತು, ಮೊತ್ತ 70 ಪೌಂಡಿನ ಒಂದೂವರೆ ಪಟ್ಟಾಯಿತು. 35 ಪೌಂಡಿಗೆ ಮುಗಿಯಬೇಕಿದ್ದ ವಿಷಯಕ್ಕೆ 105 ಪೌಂಡ್ ತೆತ್ತೆ. ಅದನ್ನೂ ಕಡೆಗಣಿಸಿದ್ದರೆ ಬಾಕಿ ಮೊತ್ತ ನ್ಯಾಯಾಲಯದಲ್ಲಿ ಸಾಲವೆಂದು ದಾಖಲಾಗಿ, ವಸೂಲಿಗಾರರು ಬಾಗಿಲಿಗೆ ಬರುತ್ತಿದ್ದರು. ಆದ್ದರಿಂದ ಮನೆ ಬದಲಿಸಿದ ವಾರದಲ್ಲೇ ಎರಡೂ ವಿಳಾಸಗಳನ್ನು ತಿದ್ದಿಸಿರಿ. ತಿದ್ದಿಸದಿರುವುದಕ್ಕೇ 1000 ಪೌಂಡಿನವರೆಗೆ ಬೇರೆ ದಂಡವಿದೆ.

ನೋಟಿಸು ಕೈಗೆ ಬಂದ ದಿನ, ಅದರಲ್ಲಿರುವ ಸಂಖ್ಯೆ ಮತ್ತು ಗಾಡಿಯ ನಂಬರ್ ಕೊಟ್ಟು ಜಾಲತಾಣದಲ್ಲಿ ಚಿತ್ರಗಳನ್ನೋ ವಿಡಿಯೊವನ್ನೋ ನೋಡಿರಿ. ನೀವು ಒಳಗೆ ಬರುವಾಗ ಆಚೆ ಜಾಗ ಖಾಲಿಯಿತ್ತೇ, ನಿಂತದ್ದು ಯಾವ ಕಾರಣಕ್ಕೆ, ಬಲಕ್ಕೆ ತಿರುಗುತ್ತಿದ್ದಿರಾ ಎಂಬುದನ್ನು ಪರಿಶೀಲಿಸಿರಿ. ತಪ್ಪು ನಿಮ್ಮದೇ ಎಂದು ಕಂಡರೆ ರಿಯಾಯಿತಿ ಅವಧಿಯೊಳಗೆ ಕಟ್ಟಿಬಿಡಿ. ಅಲ್ಲವೆನಿಸಿದರೆ 28 ದಿನಗಳೊಳಗೆ ಕೌನ್ಸಿಲ್‌ಗೆ ಆಕ್ಷೇಪಣೆಯನ್ನು ಬರೆದು ಸಲ್ಲಿಸಿ. ಅವರು ತಿರಸ್ಕರಿಸಿದರೆ ಲಂಡನ್ನಿನವರು ಲಂಡನ್ ಟ್ರಿಬ್ಯುನಲ್ಸ್‌ಗೆ, ಇಂಗ್ಲೆಂಡಿನ ಉಳಿದ ಕಡೆಯವರು ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್‌ಗೆ (ಇವು ಇಂಥ ದಂಡದ ತಕರಾರು ಕೇಳುವ ನ್ಯಾಯಮಂಡಳಿಗಳು) ಮೇಲ್ಮನವಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಪತ್ರ ಬರೆಯುವಾಗ "ನಾನು ಹೊಸಬ, ಗೊತ್ತಿರಲಿಲ್ಲ" ಎಂಬುದನ್ನೇ ಆಧಾರ ಮಾಡಿಕೊಳ್ಳಬೇಡಿ. ವಿಡಿಯೊದಲ್ಲಿ ಕಂಡದ್ದನ್ನು ಯಾವ ಕ್ಷಣದಲ್ಲಿ ಏನಾಯಿತು ಎಂದು ಕ್ರಮವಾಗಿ ಬರೆಯಿರಿ, ನಿಮ್ಮದೇ ಡ್ಯಾಶ್‌ಕ್ಯಾಮ್ ಚಿತ್ರಣವಿದ್ದರೆ ಅದನ್ನೂ ಲಗತ್ತಿಸಿರಿ.