ಬಡಾವಣೆ ಸಂಘಕ್ಕೆ ಯಾರ ಮನೆ ಅಡ್ರೆಸ್ ಕೊಡೋದು?

ತುಮಕೂರಿನಲ್ಲಿ ನಮ್ಮದು ನಲವತ್ತು ಮನೆಗಳ ಪುಟ್ಟ ಬಡಾವಣೆ. ಸಂಘ ನೋಂದಣಿ ಮಾಡಿಸುವಾಗ ಅರ್ಜಿಯಲ್ಲಿ ವಿಳಾಸ ಅಂತ ಒಂದು ಗೆರೆ ಖಾಲಿ ಇತ್ತು. "ಕಾರ್ಯದರ್ಶಿ ಮನೆದೇ ಹಾಕ್ಬಿಡಿ" ಅಂದರು ಯಾರೋ, ಹಾಕಿದೆವು. ಎರಡು ವರ್ಷಕ್ಕೆ ಅವರು ಮನೆ ಬಾಡಿಗೆಗೆ ಕೊಟ್ಟು ಮೈಸೂರಿಗೆ, ಮಗಳ ಹತ್ತಿರ ಹೋದರು. ಲೆಕ್ಕಪತ್ರ ಸಲ್ಲಿಸಿಲ್ಲ ಅಂತ ಬಂದ ನೋಟಿಸನ್ನು ಬಾಡಿಗೆಯವರು ಫ್ರಿಜ್ ಮೇಲೆ ಎತ್ತಿಟ್ಟಿದ್ದರು, ಪಾಪ, ಅವರಿಗೇನು ಗೊತ್ತು. ನಮ್ಮ ಕೈಗೆ ಸಿಕ್ಕಾಗ ಕವರ್ ಮೇಲೆ ಕಾಫಿ ಲೋಟದ ಗುಂಡು ಕಲೆ, ಉತ್ತರ ಕೊಡುವ ಗಡುವು ಮುಗಿದು ಹನ್ನೊಂದು ದಿನ.

"ನಮಗೆ ಸಿಕ್ಕೇ ಇಲ್ಲ" ಅಂತ ವಾದ ಮಾಡುವುದು ಸುಲಭ ಅಲ್ಲ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದರೆ, 1897ರ ಜನರಲ್ ಕ್ಲಾಸಸ್ ಆಕ್ಟ್‌ನ 27ನೇ ಸೆಕ್ಷನ್ ಪ್ರಕಾರ ಅದು ತಲುಪಿತು ಅಂತಲೇ ಲೆಕ್ಕ. ತಲುಪಿಲ್ಲ ಅಂತ ತೋರಿಸಬೇಕಾದವರು ನಾವು.

ಹಾಗಾಗಿ ಹುದ್ದೆ ನೋಡಬೇಡಿ, ಮನೆ ನೋಡಿ. ಪದಾಧಿಕಾರಿಗಳು ಬದಲಾಗುತ್ತಾರೆ. ಸ್ವಂತ ಮನೆ ಇರಬೇಕು, ಹಗಲು ಹೊತ್ತು ಯಾರಾದರೂ ಇರಬೇಕು, ಅಂಚೆಯಣ್ಣನಿಗೆ ಆ ಮನೆಯವರ ಮುಖ ಗೊತ್ತಿರಬೇಕು. ನಮ್ಮಲ್ಲಿ ಕೊನೆಗೆ ಆರಿಸಿದ್ದು ರಿಟೈರ್ಡ್ ಮೇಡಂ ಒಬ್ಬರ ಮನೆ. ಅವರು ಕಮಿಟಿಯಲ್ಲೇ ಇಲ್ಲ! ಆದರೆ ಬಂದ ಕಾಗದದ ಫೋಟೋ ಸಂಜೆಯೊಳಗೆ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ಅಂಥವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಸಭೆಯ ನಡಾವಳಿ ಪುಸ್ತಕದಲ್ಲೂ ನಿರ್ಣಯ ಬರೆಯಿರಿ.

ಆಡಿಟರ್ ಆಫೀಸಿನ ವಿಳಾಸ ಕೆಲವರು ಕೊಡುತ್ತಾರೆ. ಆಡಿಟರ್ ಬದಲಾದ ದಿನ ಮತ್ತೆ ಅದೇ ಕಥೆ. ಬಡಾವಣೆಯ ದೇವಸ್ಥಾನ ಚೆನ್ನಾಗಿ ಕಾಣುತ್ತದೆ, ಆದರೆ ಪೂಜೆ ಮುಗಿದ ಮೇಲೆ ಬೀಗ. ದೊಡ್ಡ ಅಂಚೆ ಕಚೇರಿಗಳಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆ. ಖಾಸಗಿ ಕೊರಿಯರ್‌ನವರು ಅದಕ್ಕೆ ತಲುಪಿಸುವುದಿಲ್ಲ, ಅಲ್ಲಿ ಹೋಗಿ ನೋಡಿ ಬರುವವರೂ ಬೇಕಲ್ವಾ? ನಲವತ್ತು ಮನೆಗೆ ಅದು ಜಾಸ್ತಿಯಾಯಿತು.

ಬರೆಯುವಾಗ ಸಂಘದ ಹೆಸರು ಮೊದಲು, ಅದರ ಕೆಳಗೆ ಮನೆ. ಮನೆಯೊಡೆಯರ ಹೆಸರು ಬೇಡವೇ ಬೇಡ. ಹೊಸ ಬಡಾವಣೆಗಳಲ್ಲಿ ಸೈಟ್ ನಂಬರ್ ಒಂದು, ಪಾಲಿಕೆಯ ಡೋರ್ ನಂಬರ್ ಇನ್ನೊಂದು ಇರುತ್ತದೆ, ಗೇಟಿನ ಮೇಲೆ ಯಾವುದಿದೆಯೋ ಅದನ್ನೇ ಹಾಕಿ. ಪಿನ್‌ಕೋಡ್ ಅಂದರೆ ಸುಮ್ನೆ 572101 ಬರೆಯುವ ಅಭ್ಯಾಸ ನಮಗೆಲ್ಲ ಇದೆ, ಆದರೆ ಅದು ಪ್ರಧಾನ ಅಂಚೆ ಕಚೇರಿಯದ್ದು. ತುಮಕೂರಿನದೇ ಕ್ಯಾತ್ಸಂದ್ರದ್ದು 572104. ನಿಮ್ಮದು ಯಾವುದು ಅಂತ ಅಂಚೆಯಣ್ಣನನ್ನೇ ಕೇಳಿ. ಗೇಟಿಗೆ ಸಂಘದ ಹೆಸರಿನ ಸಣ್ಣ ಬೋರ್ಡ್ ಒಂದು ಹೊಡೆಸಿ. ಇಲ್ಲದಿದ್ದರೆ ಬದಲಿ ಡ್ಯೂಟಿಗೆ ಬಂದವರು "ಇಂಥವರು ಇಲ್ಲ" ಅಂತ ಬರೆದು ವಾಪಸ್ ಕಳಿಸುತ್ತಾರೆ.

ವಿಳಾಸ ಬದಲಾದರೆ ಮೊದಲು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ತೆಗೆದುಕೊಳ್ಳಿ. ಆಮೇಲೆ ಬ್ಯಾಂಕು, ಪ್ಯಾನ್, ಬೋರ್‌ವೆಲ್ ಮೀಟರಿಗೆ ಬೆಸ್ಕಾಂ. ಪ್ಯಾನ್ ಎಲ್ಲರಿಗೂ ಮರೆತುಹೋಗುತ್ತದೆ, ನಮಗೂ ಮರೆತಿತ್ತು. ಹಳೇ ಮನೆಯವರ ಫೋನ್ ನಂಬರ್ ಇಟ್ಟುಕೊಂಡು ತಿಂಗಳಿಗೊಮ್ಮೆ ವಿಚಾರಿಸಿ, ಕಾಗದಗಳು ಇನ್ನೂ ಒಂದು ವರ್ಷ ಅಲ್ಲಿಗೇ ಹೋಗುತ್ತಿರುತ್ತವೆ.

ಲೆಟರ್‌ಹೆಡ್ ಪ್ರಿಂಟ್ ಹಾಕಿಸುವ ಮುಂಚೆ ಹೊಸ ವಿಳಾಸಕ್ಕೆ ನೀವೇ ಒಂದು ಸ್ಪೀಡ್ ಪೋಸ್ಟ್ ಕಳಿಸಿ ನೋಡಿ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಅದಕ್ಕೇ ಸೇರಿಸಿದ್ದಾರೆ. ನಾವು ಕಳಿಸಿದ್ದು ಮೊದಲ ಸಲ ಪಕ್ಕದ ಬೀದಿಗೆ ಹೋಯಿತು. ಅಡ್ಡರಸ್ತೆಯ ನಂಬರ್ ಬಿಟ್ಟಿದ್ದೆವು.