ಫುಟ್‌ಬಾಲ್ ಆಟಗಾರರ ಪಾಪ್ ಹಾಡುಗಳನ್ನು ಕೇಳುವ ಕ್ರಮ

ವೃತ್ತಿಪರ ಫುಟ್‌ಬಾಲ್ ಆಟಗಾರರು ಹಾಡಿರುವ ಪಾಪ್ ಹಾಡುಗಳನ್ನು ತಮಾಷೆಗೆಂದು ಒಮ್ಮೆ ಕೇಳಿ, ನಕ್ಕು, ಅಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಆದರೆ ಇವನ್ನು ಒಂದು ಕ್ರಮವಿಟ್ಟುಕೊಂಡು ಕೇಳುತ್ತ ಹೋದರೆ, ಹಾಡಲು ಬಾರದವರಿಂದ ಹಾಡಿಸುವುದು ಹೇಗೆಂಬ ಪ್ರಶ್ನೆಗೆ ಒಬ್ಬೊಬ್ಬ ಗೀತರಚನಕಾರನೂ ಕಂಡುಕೊಂಡ ಉಪಾಯಗಳು ಕಿವಿಗೆ ಬೀಳತೊಡಗುತ್ತವೆ. ಆದ್ದರಿಂದ ಆಟಗಾರನ ಕಂಠ ಚೆನ್ನಾಗಿದೆಯೇ ಎಂದು ತೂಗಲು ಹೋಗಬೇಡಿ. ಆ ಕಂಠವನ್ನು ಎಲ್ಲಿ ಮರೆಮಾಡಿದ್ದಾರೆ, ಎಲ್ಲಿ ಬಳಸಿಕೊಂಡಿದ್ದಾರೆ ಎಂಬುದನ್ನು ಗಮನಿಸಿ.

ಪಟ್ಟಿ ಮಾಡಲು ಕುಳಿತಾಗ ಮೊದಲು ಮಾಡಬೇಕಾದದ್ದು, ಫುಟ್‌ಬಾಲ್ ಕುರಿತ ಹಾಡನ್ನೂ ಫುಟ್‌ಬಾಲ್ ಆಟಗಾರರು ಹಾಡಿದ ಹಾಡನ್ನೂ ಬೇರ್ಪಡಿಸುವುದು. 1996ರ 'ತ್ರೀ ಲಯನ್ಸ್' ಎಷ್ಟೇ ಪ್ರಸಿದ್ಧವಾದರೂ ಅದನ್ನು ಹಾಡಿದವರು ಇಬ್ಬರು ಹಾಸ್ಯ ಕಲಾವಿದರು ಮತ್ತು ಲೈಟ್ನಿಂಗ್ ಸೀಡ್ಸ್ ಎಂಬ ಸಂಗೀತ ತಂಡ. 1978ರಲ್ಲಿ ಸ್ಕಾಟ್ಲೆಂಡ್ ತಂಡದ ಪರವಾಗಿ ಬಂದ 'ಆಲೀಸ್ ಟಾರ್ಟನ್ ಆರ್ಮಿ' ಕೂಡ ಹಾಸ್ಯ ಕಲಾವಿದ ಆಂಡಿ ಕ್ಯಾಮೆರಾನ್ ಅವರದು. ಇಂಥವನ್ನು ಪಕ್ಕಕ್ಕಿಡಿ.

ಕೇಳುವುದನ್ನು 1970ರ 'ಬ್ಯಾಕ್ ಹೋಮ್'ನಿಂದ ಆರಂಭಿಸುವುದು ಒಳ್ಳೆಯದು. ಹಾಲಿ ವಿಶ್ವ ಚಾಂಪಿಯನ್ನರಾಗಿ ಮೆಕ್ಸಿಕೋಗೆ ಹೊರಟಿದ್ದ ಇಂಗ್ಲೆಂಡ್ ತಂಡಕ್ಕಾಗಿ ಇದನ್ನು ಬರೆದವರು ಬಿಲ್ ಮಾರ್ಟಿನ್ ಮತ್ತು ಫಿಲ್ ಕೌಲ್ಟರ್. 1967ರ ಯೂರೋವಿಷನ್ ಸ್ಪರ್ಧೆಯಲ್ಲಿ ಗೆದ್ದ ಹಾಡನ್ನು ಬರೆದ ಜೋಡಿಯೂ ಇದೇ ಆಗಿದ್ದರಿಂದ, ಕೆಲಸ ಬಲ್ಲವರ ಕೈಗೇ ಅದು ಬಿದ್ದಿತ್ತು ಎನ್ನಬೇಕು. ಹೆಚ್ಚು ಮಾರಾಟವಾದ ಹಾಡುಗಳ ಬ್ರಿಟನ್ನಿನ ಪಟ್ಟಿಯಲ್ಲಿ ಈ ಹಾಡು ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಮಟ್ಟು ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನಷ್ಟೇ ಹಿಂಬಾಲಿಸಿ. ನಡಿಗೆಯ ಲಯ, ಕಿರಿದಾದ ಸ್ವರವ್ಯಾಪ್ತಿ, ಎಲ್ಲರೂ ಒಂದೇ ಸ್ವರದಲ್ಲಿ ಹಾಡುವ ಮೇಳ: ಈ ಮೂರೂ ಸೇರಿದರೆ ಒಬ್ಬನ ಶ್ರುತಿ ಜಾರಿದರೂ ಇನ್ನೊಬ್ಬನ ದನಿ ಅದನ್ನು ಮುಚ್ಚುತ್ತದೆ. ಮೇಳಗಾನದ ಮೊದಲ ಉಪಾಯ ಇದು, ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ಸುರಕ್ಷಿತವಾದದ್ದು ಮತ್ತೊಂದಿಲ್ಲ.

ಅದೇ ಉಪಾಯವನ್ನು ಕ್ಲಬ್ಬುಗಳು ಕೂಡಲೇ ಎತ್ತಿಕೊಂಡವು. ಚೆಲ್ಸಿ ತಂಡದ 'ಬ್ಲೂ ಈಸ್ ದ ಕಲರ್' 1972ರಲ್ಲಿ ಐದನೆಯ ಸ್ಥಾನಕ್ಕೇರಿತು. ಯಾವ ಲೀಗ್ ಕಪ್ ಫೈನಲ್‌ಗಾಗಿ ಅದನ್ನು ಮುದ್ರಿಸಲಾಯಿತೋ ಆ ಪಂದ್ಯವನ್ನು ಚೆಲ್ಸಿ ಸ್ಟೋಕ್ ಸಿಟಿಯ ಎದುರು 2-1ರಿಂದ ಸೋತಿತು, ಹಾಡು ಮಾತ್ರ ಕ್ರೀಡಾಂಗಣದಲ್ಲಿ ಉಳಿದುಕೊಂಡಿತು. ಲೀಡ್ಸ್ ಯುನೈಟೆಡ್‌ನ ಅದೇ ವರ್ಷದ ಮುದ್ರಿಕೆಯನ್ನು ಹುಡುಕುವವರು ಆ ತಟ್ಟೆಯ ಹಿಂಬದಿಯ ಹಾಡನ್ನು ತಪ್ಪದೆ ಕೇಳಬೇಕು. ಮುಂಬದಿಯ 'ಲೀಡ್ಸ್ ಯುನೈಟೆಡ್' ಪಟ್ಟಿಯಲ್ಲಿ ಹತ್ತನೆಯ ಸ್ಥಾನ ತಲುಪಿದರೂ, ಅಭಿಮಾನಿಗಳು ಈಗಲೂ 'ಮಾರ್ಚಿಂಗ್ ಆನ್ ಟುಗೆದರ್' ಎಂದು ಎದೆ ತುಂಬಿ ಹಾಡುವುದು ಹಿಂಬದಿಯದನ್ನೇ. ಹಳೆಯ ಏಳಂಗುಲದ ತಟ್ಟೆಗಳಲ್ಲಿ ಹಿಂಬದಿಯನ್ನು ಕಡೆಗಣಿಸಬಾರದೆಂಬುದಕ್ಕೆ ಇಷ್ಟು ಸಾಕು.

ಮೇಳವನ್ನೇ ಆಧರಿಸುತ್ತಲೂ ಒಂದು ಕಂಠವನ್ನು ಹೊರಗೆ ತರುವುದು ಹೇಗೆಂದು ತಿಳಿಯಲು ಟಾಟನ್‌ಹ್ಯಾಮ್ ತಂಡ ಮತ್ತು ಚಾಸ್ ಆ್ಯಂಡ್ ಡೇವ್ ಎಂಬ ಗಾಯಕ ಜೋಡಿಯ 1981ರ 'ಆಸೀಸ್ ಡ್ರೀಮ್' ಕೇಳಿ. ಉದ್ದಕ್ಕೂ ತಂಡವೇ ಹಾಡುತ್ತಿರುವಾಗ ನಡುವೆ ಅರ್ಜೆಂಟೀನಾದ ಓಸ್ವಾಲ್ಡೊ ಆರ್ಡಿಲೆಸ್ ಒಬ್ಬರೇ ಒಂದು ಸಾಲು ಹಾಡುತ್ತಾರೆ, ಅದರಲ್ಲಿ ತಮ್ಮ ಕ್ಲಬ್ಬನ್ನು 'ಟಾಟಿಂಗ್‌ಹ್ಯಾಮ್' ಎಂದು ಉಚ್ಚರಿಸುತ್ತಾರೆ. ಬೇರೊಬ್ಬ ನಿರ್ಮಾಪಕ ಅದನ್ನು ತಿದ್ದಿಸಿ ಮತ್ತೆ ಹಾಡಿಸುತ್ತಿದ್ದನೇನೋ. ಇಲ್ಲಿ ಆ ಉಚ್ಚಾರವೇ ಹಾಡಿನ ಜೀವ. ಆ ಸಾಲಿನ ಮುಂಚಿನ ಮತ್ತು ಅನಂತರದ ಕೆಲವು ಸೆಕೆಂಡುಗಳನ್ನು ಎರಡು ಮೂರು ಬಾರಿ ಹಿಂದಕ್ಕೆ ಹಾಕಿ ಕೇಳಿದರೆ, ಇಡೀ ತಂಡ ಸರಿದು ನಿಂತು ಒಬ್ಬನಿಗೆ ದಾರಿ ಬಿಡುವಂತೆ ಆ ಭಾಗವನ್ನು ಜೋಡಿಸಿರುವುದು ಸ್ಪಷ್ಟವಾಗುತ್ತದೆ.

ಮೂರನೆಯ ಉಪಾಯ ಎರವಲು ಮಟ್ಟು. 1971ರಲ್ಲಿ ಆರ್ಸೆನಲ್ ತಂಡ 'ರೂಲ್ ಬ್ರಿಟಾನಿಯಾ'ದ ಮಟ್ಟಿಗೆ ಹೊಸ ಮಾತುಗಳನ್ನು ಹಾಡಿತು. 1994ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಸ್ಟೇಟಸ್ ಕ್ವೋ ಎಂಬ ಸಂಗೀತ ತಂಡದೊಡನೆ ಸೇರಿ, ಅವರದೇ 'ಬರ್ನಿಂಗ್ ಬ್ರಿಡ್ಜಸ್'ನ ಆಧಾರದ ಮೇಲೆ 'ಕಮ್ ಆನ್ ಯೂ ರೆಡ್ಸ್' ಮುದ್ರಿಸಿ ಮೊದಲ ಸ್ಥಾನಕ್ಕೇರಿತು. ಇಂಥ ಹಾಡು ಸಿಕ್ಕಾಗಲೆಲ್ಲ ಮೂಲವನ್ನು ಮೊದಲು ಕೇಳಿ, ಆಮೇಲೆ ಆಟಗಾರರ ಆವೃತ್ತಿಗೆ ಬನ್ನಿ. ಸ್ಥಾನಗಳ ಸಂಖ್ಯೆಯನ್ನು ಓದುವಾಗ ಸಂದರ್ಭವನ್ನೂ ನೆನಪಿಡಬೇಕು: ಕಪ್ ಫೈನಲ್‌ನ ಆಸುಪಾಸಿನ ವಾರಗಳಲ್ಲಿ ಅಭಿಮಾನಿಗಳು ಕೊಂಡದ್ದು ಹಾಡಿಗಿಂತ ಹೆಚ್ಚಾಗಿ ಆ ಪಂದ್ಯದ ನೆನಪನ್ನು.

ಒಬ್ಬಂಟಿ ಹಾಡುಗಳಲ್ಲಿ ಅಡಗಲು ಜಾಗವಿಲ್ಲ. ಹ್ಯಾಂಬರ್ಗ್ ಪರ ಆಡುತ್ತಿದ್ದ ಕೆವಿನ್ ಕೀಗನ್ 1979ರಲ್ಲಿ ಹಾಡಿದ 'ಹೆಡ್ ಓವರ್ ಹೀಲ್ಸ್ ಇನ್ ಲವ್' ಸ್ಮೋಕಿ ಎಂಬ ಸಂಗೀತ ತಂಡದ ಕ್ರಿಸ್ ನಾರ್ಮನ್ ಮತ್ತು ಪೀಟ್ ಸ್ಪೆನ್ಸರ್ ಬರೆದದ್ದು. ಬ್ರಿಟನ್ನಿನಲ್ಲಿ 31ನೆಯ ಸ್ಥಾನಕ್ಕೆ ನಿಂತ ಈ ಹಾಡು ಜರ್ಮನಿಯಲ್ಲಿ ಹತ್ತನೆಯ ಸ್ಥಾನ ತಲುಪಿತು. ಹೆಡ್‌ಫೋನ್ ಹಾಕಿಕೊಂಡು, ಪಲ್ಲವಿ ಬಂದಾಗ ಕೀಗನ್ ಅವರ ದನಿಯ ಸುತ್ತ ಬೇರೆ ಯಾವ ದನಿಗಳು ಬಂದು ಸೇರುತ್ತವೆ ಎಂಬುದನ್ನು ಆಲಿಸಿ. ಜರ್ಮನಿಯಲ್ಲಂತೂ ಈ ಪರಿಪಾಠ ಇನ್ನೂ ಹಳೆಯದು. ಮ್ಯೂನಿಕ್ 1860 ತಂಡದ ಗೋಲ್‌ಕೀಪರ್ ಪೇಟರ್ ರಾಡೆಂಕೋವಿಚ್ 1965ರಲ್ಲೇ 'ಬಿನ್ ಇ ರಾಡಿ, ಬಿನ್ ಇ ಕ್ಯೋನಿಗ್' ಹಾಡಿದ್ದರು. ಮರುವರ್ಷ ಫ್ರಾಂಝ್ ಬೆಕೆನ್‌ಬಾವರ್, 1969ರಲ್ಲಿ ಗೆರ್ಡ್ ಮ್ಯುಲರ್ ಇದೇ ದಾರಿ ಹಿಡಿದರು. ಅದೇ 1969ರಲ್ಲಿ ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್ ಕೂಡ ಹಾಡಿದರು; ಮೈದಾನದಲ್ಲಿ ಲಯಕ್ಕೆ ಇನ್ನೊಂದು ಹೆಸರಿನಂತಿದ್ದ ಆಟಗಾರ ಮೈಕಿನ ಮುಂದೆ ಹೇಗೆ ನಿಭಾಯಿಸಿದರೆಂಬುದನ್ನು ನೀವೇ ಕೇಳಿ ನಿರ್ಧರಿಸಿ.

ಟಾಟನ್‌ಹ್ಯಾಮ್ ಆಟಗಾರರಾದ ಗ್ಲೆನ್ ಹಾಡ್ಲ್ ಮತ್ತು ಕ್ರಿಸ್ ವಾಡ್ಲ್ ಜೋಡಿಯ 1987ರ 'ಡೈಮಂಡ್ ಲೈಟ್ಸ್' ಕುರಿತು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈ ಬಗೆಯ ಹಾಡುಗಳಲ್ಲಿ ಇದು ತಾನು ಫುಟ್‌ಬಾಲ್ ಹಾಡೆಂಬುದನ್ನು ಸಂಪೂರ್ಣ ಮರೆಯಲು ಯತ್ನಿಸಿದ್ದು. ಕ್ಲಬ್ಬಿನ ಹೆಸರಿಲ್ಲ, ಕಪ್ಪಿನ ಮಾತಿಲ್ಲ. ಸಿಂಥಸೈಜರಿನ ದಟ್ಟ ಪದರಗಳ ಮೇಲೆ ಆ ದಶಕದ ಪ್ರೇಮಗೀತೆ. ಹಾಡು 12ನೆಯ ಸ್ಥಾನಕ್ಕೇರಿತು. ಇದನ್ನು ಮೊದಲು ದೃಶ್ಯವಿಲ್ಲದೆ ಕೇಳಿ, ಆಮೇಲೆ 'ಟಾಪ್ ಆಫ್ ದ ಪಾಪ್ಸ್' ಎಂಬ ಟಿವಿ ಕಾರ್ಯಕ್ರಮದ ದೃಶ್ಯವನ್ನು ನೋಡಿ. ಕೇಳುವಾಗ ಸಾಧಾರಣ ಎನಿಸುವ ಹಾಡು ನೋಡುವಾಗ ಬೇರೆಯೇ ಆಗುತ್ತದೆ: ಹಿಂದಕ್ಕೆ ಇಳಿಬಿಟ್ಟ ಕೂದಲಿನ ಇಬ್ಬರು, ಒಬ್ಬರು ಒಂದಿಷ್ಟು ಸಲೀಸಾಗಿ, ಇನ್ನೊಬ್ಬರು ಮೈ ಬಿಗಿಹಿಡಿದು ನಿಂತಿದ್ದಾರೆ. ದೃಶ್ಯವನ್ನೇ ಮೊದಲು ನೋಡಿದವರಿಗೆ ಹಾಡು ಎಂದೂ ಕೇಳಿಸುವುದಿಲ್ಲ. ಇಷ್ಟಾದ ಮೇಲೂ ವಾಡ್ಲ್ 1991ರಲ್ಲಿ ಮಾರ್ಸೆ ತಂಡದ ಜೊತೆಗಾರ ಬಾಸಿಲ್ ಬೋಲಿಯವರೊಡನೆ ಮತ್ತೊಂದು ಹಾಡು ಮುದ್ರಿಸಿದರು ಎಂಬುದನ್ನು ಧೈರ್ಯವೆನ್ನಬೇಕೋ ಹಟವೆನ್ನಬೇಕೋ ತಿಳಿಯದು.

ಈ ಎಲ್ಲ ತೊಡಕನ್ನು ಒಂದೇ ಏಟಿಗೆ ಬಿಡಿಸಿದ್ದು ರ‍್ಯಾಪ್. ಅಲ್ಲಿ ಶ್ರುತಿಯ ಕಾಟವಿಲ್ಲ, ತಾಳಕ್ಕೆ ಸರಿಯಾಗಿ ಮಾತಾಡಿದರೆ ಆಯಿತು. ಲಿವರ್‌ಪೂಲ್ ತಂಡದ 1988ರ 'ಆನ್‌ಫೀಲ್ಡ್ ರ‍್ಯಾಪ್' ಮೂರನೆಯ ಸ್ಥಾನ ಪಡೆಯಿತು. ಅದರ ರಚನೆಯಲ್ಲಿ ಆಟಗಾರ ಕ್ರೇಗ್ ಜಾನ್ಸ್‌ಟನ್ ಅವರ ಕೈಯೂ ಇದ್ದುದರಿಂದ ಸಹ ಆಟಗಾರರ ಮೇಲಿನ ಚುಡಾವಣೆ ಹೊರಗಿನವರು ಬರೆದಂತೆ ಕೇಳುವುದಿಲ್ಲ. ಎರಡು ವರ್ಷಗಳ ಅನಂತರ ಇಂಗ್ಲೆಂಡ್ ತಂಡಕ್ಕಾಗಿ ಬಂದ 'ವರ್ಲ್ಡ್ ಇನ್ ಮೋಷನ್'ನಲ್ಲಿ ಈ ಪಾಠ ಪಕ್ವವಾಗಿದೆ: ಹಾಡುವ ಕೆಲಸ ನ್ಯೂ ಆರ್ಡರ್ ಎಂಬ ಸಂಗೀತ ತಂಡದ್ದು, ಆಟಗಾರರದು ಮೇಳ, ಅವರಲ್ಲಿ ಜಾನ್ ಬಾರ್ನ್ಸ್ ಒಬ್ಬರದು ರ‍್ಯಾಪ್. ಯಾರಿಂದ ಏನು ಆಗುತ್ತದೋ ಅಷ್ಟನ್ನೇ ಅವರಿಂದ ಕೇಳಿದ್ದಾರೆ. ಹಾಡು ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಇಂಗ್ಲೆಂಡ್ ಆಟಗಾರ ಪಾಲ್ ಗ್ಯಾಸ್ಕೊಯಿನ್ ಲಿಂಡಿಸ್‌ಫಾರ್ನ್ ಎಂಬ ಸಂಗೀತ ತಂಡದೊಡನೆ ಆ ತಂಡದ ಹಳೆಯ 'ಫಾಗ್ ಆನ್ ದ ಟೈನ್' ಅನ್ನು ಹೊಸದಾಗಿ ಮುದ್ರಿಸಿ ಎರಡನೆಯ ಸ್ಥಾನ ಗಳಿಸಿದರು. ಇವೆರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ: ಒಂದರಲ್ಲಿ ಆಟಗಾರರು ಹಾಡಿಗೆ ಹೊಂದಿಕೊಂಡಿದ್ದಾರೆ, ಇನ್ನೊಂದರಲ್ಲಿ ಹಾಡೇ ಆಟಗಾರನಿಗೆ ಹೊಂದಿಕೊಂಡಿದೆ.

ಹುಡುಕುವಾಗ ಹೆಸರುಗಳ ಬಗ್ಗೆ ಎಚ್ಚರವಿರಲಿ. ಹಾಡ್ಲ್ ಮತ್ತು ವಾಡ್ಲ್ ಮುದ್ರಿಕೆಯ ಮೇಲೆ 'ಗ್ಲೆನ್ ಆ್ಯಂಡ್ ಕ್ರಿಸ್' ಮಾತ್ರ; 'ವರ್ಲ್ಡ್ ಇನ್ ಮೋಷನ್'ನ ಮೇಲೆ ದೇಶವನ್ನೂ ತಂಡವನ್ನೂ ಒಂದೇ ಪದವಾಗಿ ಬೆಸೆದ 'ಇಂಗ್ಲೆಂಡ್‌ನ್ಯೂಆರ್ಡರ್' ಎಂಬ ಹೆಸರು. ಜನಪ್ರಿಯ ಮೇಳಗಾನಗಳನ್ನು ಬೇರೆಯವರು ಮರುಮುದ್ರಿಸಿರುವುದರಿಂದ ವರ್ಷವನ್ನೂ ಹಾಡಿದವರ ಹೆಸರನ್ನೂ ಎರಡನ್ನೂ ನೋಡಿಕೊಳ್ಳದೆ ಪಟ್ಟಿಗೆ ಸೇರಿಸಬೇಡಿ.

ಇಂದಿನ ಆಟಗಾರರನ್ನು ಬೇರೆ ಪಟ್ಟಿಯಲ್ಲಿಡುವುದೇ ಸರಿ. ಅಮೆರಿಕದ ಕ್ಲಿಂಟ್ ಡೆಂಪ್ಸಿ 2006ರಲ್ಲಿ ರ‍್ಯಾಪ್ ಹಾಡಿದ ಕಾಲಕ್ಕೆ ಅದಿನ್ನೂ ವಿಶೇಷವಾಗಿತ್ತು. ಮೆಂಫಿಸ್ ಡಿಪೈ 2020ರಲ್ಲಿ 'ಹೆವಿ ಸ್ಟೆಪರ್' ಎಂಬ ಆಲ್ಬಮ್ಮನ್ನೇ ತಂದರು, ಮೊಯಿಸೆ ಕೀನ್ ಅವರದು 2024ರಲ್ಲಿ ಬಂತು. ಇವರು ಕ್ಲಬ್ಬಿನ ಅಂಗಿ ತೊಟ್ಟು ಹಾಡುವವರಲ್ಲ, ಕಪ್ ಫೈನಲ್‌ಗಾಗಿ ಕಾಯುವವರೂ ಅಲ್ಲ. ಆದ್ದರಿಂದ ಇಲ್ಲಿ ಕಂಠವನ್ನು ಮರೆಮಾಡಿದ ಉಪಾಯವನ್ನು ಹುಡುಕುವ ಬದಲು, ಉಳಿದ ಯಾವುದೇ ರ‍್ಯಾಪ್ ಕಲಾವಿದನಿಗೆ ಹಿಡಿಯುವ ಅಳತೆಗೋಲನ್ನೇ ಹಿಡಿಯಿರಿ. ಪೋರ್ಚುಗಲ್‌ನ ರಫಾಯೆಲ್ ಲೆಯಾಂವ್ ಅವರನ್ನು ಕೇಳಬೇಕೆಂದಿದ್ದರೆ ಆಟಗಾರನ ಹೆಸರಿನಲ್ಲಿ ಹುಡುಕದೆ, ಅವರು ಸಂಗೀತಕ್ಕಾಗಿ ಇಟ್ಟುಕೊಂಡಿರುವ 'ವೇ 45' ಎಂಬ ಹೆಸರಿನಲ್ಲಿ ಹುಡುಕಿ.