ಹತ್ತದೆಯೇ ಬಂಡೆಯ ನಕ್ಷೆ ಮಾಡುವುದು ಹೇಗೆ: ರಾಮನಗರದ ಬೆಟ್ಟಗಳಿಗಾಗಿ

ರಾಮನಗರದ ಬಂಡೆಗಳಲ್ಲಿ ಯಾವ ಜೀವಿ ಎಲ್ಲಿದೆ ಎಂದು ಗುರುತಿಸಬೇಕಾ? ಹಾಗಾದರೆ ಬಂಡೆ ಹತ್ತಬೇಡಿ. ಇಡೀ ಕೆಲಸ ದೂರದಲ್ಲಿ ನಿಂತೇ ಆಗಬೇಕು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುತ್ತದೆ, ಇಡುವುದು ಒಂದೇ ಮೊಟ್ಟೆ. ಅದು ಬೆದರಿ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದ ಹಾಗೆಯೇ.

ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಡ್ರೋನ್ ಬೇಡವೇ ಬೇಡ.

ಮೊಬೈಲಿನ ನಕ್ಷೆ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ನೆಟ್ಟಗೆ ನಿಂತ ಬಂಡೆ ಮೇಲಿನಿಂದ ನೋಡಿದರೆ ಬರೀ ಒಂದು ಗೆರೆ. ಹಾಗಾಗಿ ಫೋಟೋವನ್ನೇ ನಕ್ಷೆ ಮಾಡಿಕೊಳ್ಳಿ. ಬಂಡೆಯ ಇಡೀ ಮುಖ ಕಾಣುವ ಜಾಗ ಹುಡುಕಿ, ನೀವು ನಿಂತ ಜಾಗದ ಜಿಪಿಎಸ್ ಬರೆದುಕೊಳ್ಳಿ, ಬಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನೂ ಬರೆಯಿರಿ. ಫೋಟೋ ಪ್ರಿಂಟ್ ಹಾಕಿಸಿ ಚೌಕ ಎಳೆದು ನಂಬರ್ ಕೊಡಿ.

ಈಗ ಬೈನಾಕ್ಯುಲರ್ ಹಿಡಿದು ಕೂರಿ. ಚಾಚಿನ ಕೆಳಗೆ ಸುಣ್ಣ ಸುರಿದಂತೆ ಬಿಳಿ ಗೆರೆ ಕಂಡರೆ ಅದು ಹಕ್ಕಿಯ ಹಿಕ್ಕೆ. ಆದರೆ ಅಷ್ಟಕ್ಕೇ ಗೂಡು ಎಂದು ಬರೆಯಬೇಡಿ, ಸುಮ್ನೆ ರಾತ್ರಿ ತಂಗುವ ಜಾಗವೂ ಹಾಗೇ ಕಾಣುತ್ತದೆ, ಗಿಡುಗ ಕೂರುವ ಜಾಗವೂ ಅಷ್ಟೇ. ಹಕ್ಕಿ ಕಡ್ಡಿ ತಂದರೆ, ಕಾವು ಕೂತರೆ, ಮರಿ ಕಂಡರೆ ಮಾತ್ರ ಗೂಡು. ಹೆಜ್ಜೇನು ಗೂಡು, ನೀರು ಜಿನುಗುವ ಸೀಳು, ಹುಲ್ಲು ಹಿಡಿದ ಬಿರುಕು, ಎಲ್ಲವನ್ನೂ ಗುರುತು ಮಾಡಿ. ಬಂಡೆ ಬುಡದ ಕುರುಚಲು ಬಿಡಬೇಡಿ. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇರುವುದು ಅಲ್ಲೇ.

ಅದೇ ಫೋಟೋದ ಮೇಲೆ ಬೇರೆ ಬಣ್ಣದಲ್ಲಿ ಜನರನ್ನೂ ಗುರುತಿಸಿ: ಹಗ್ಗ ಕಟ್ಟಿ ಹತ್ತುವ ದಾರಿ, ಸೆಲ್ಫಿಗೆ ನಿಲ್ಲುವ ಅಂಚು, ಪಟಾಕಿ ಹೊಡೆಯುವ, ಬೆಂಕಿ ಹಾಕುವ ಜಾಗ. ಎರಡು ಬಣ್ಣ ಎಲ್ಲಿ ಕೂಡುತ್ತವೋ ಅಲ್ಲಿಂದಲೇ ಕಾಪಾಡುವ ಕೆಲಸ ಶುರು. ಇಡೀ ಬೆಟ್ಟ ಮುಚ್ಚಿ ಎಂದರೆ ಯಾರೂ ಕೇಳುವುದಿಲ್ಲ. ದೇವರಿಗೆ ಬರುವವರೂ ಇದ್ದಾರೆ ಅಲ್ವಾ? ಗೂಡಿನ ಮೇಲಿನ ಆ ಒಂದು ಅಂಚನ್ನು, ಚಳಿಗಾಲದ ಮೊಟ್ಟೆಯಿಂದ ಬೇಸಿಗೆಯಲ್ಲಿ ಮರಿ ಹಾರುವವರೆಗೆ ಬಿಟ್ಟುಕೊಡಿ ಎಂದು ಕೇಳಿದರೆ ಒಪ್ಪುತ್ತಾರೆ.

ಸುತ್ತಲ ಹಳ್ಳಿಗಳಿಗೂ ಹೋಗಿ ಮಾತಾಡಿ. ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಡುವುದಕ್ಕೆ 2006ರಲ್ಲೇ ನಿಷೇಧ ಬಂದಿದೆ. ಆ ಔಷಧಿ ಮೈಯಲ್ಲಿರುವ ದನ ಸತ್ತು, ಅದನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. ಬದಲಿಗೆ ಮೆಲೋಕ್ಸಿಕಾಮ್ ಇದೆ ಎಂದು ತಿಳಿಸಿ.

ಗೂಡಿನ ಜಾಗವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಫೋಟೋದಲ್ಲಿರುವ ಲೊಕೇಶನ್ ಕೂಡ ತೆಗೆಯಿರಿ. ನಕ್ಷೆಯ ಒಂದು ಪ್ರತಿ ಅರಣ್ಯ ಕಚೇರಿಗೆ ಕೊಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೋ ತೆಗೆಯಿರಿ. ಖಾಲಿ ಕಂಡ ಚೌಕವನ್ನು ಅಳಿಸಬೇಡಿ, ರಣಹದ್ದು ಹಳೆಯ ಚಾಚಿಗೇ ವಾಪಸ್ ಬರುವುದುಂಟು.